ಸಂಸಾರ ಬೇರೆಯಾದರೂ ಸಾಲ ಬೇರೆಯಾಗದು



ದಾಂಪತ್ಯವು ಮುರಿಯುವ ಮಾತನ್ನು ಗೃಹಸ್ಥರ ಮನೆಗಳಿಗೆ ಹೋಗುವ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವು ಹಿರಿಯರು ಕೇಳಬಹುದು. ನಾವು ಮಾತೆತ್ತದಿದ್ದರೆ ಮುರಿಯುವುದು ನಿಲ್ಲುವಂತಿದ್ದರೆ ನಾವೂ ಮೌನವಾಗಿಯೇ ಇರುತ್ತಿದ್ದೆವು. ಸಂಬಂಧಗಳನ್ನು ಕೂಡಿಸುವ ಮಾತುಕತೆಗೆ ಮಠದ ಅಂಗಳದಲ್ಲಿ ಕುಳಿತಂತೆಯೇ, ಕೂಡಲಾರದ ಮನಸ್ಸುಗಳನ್ನು ಮರ್ಯಾದೆಯಿಂದ ಬೇರ್ಪಡಿಸುವ ಮಾತುಕತೆಗಳಲ್ಲಿಯೂ ನಾವು ಬಹುಕಾಲದಿಂದ ಕುಳಿತು ಬಂದಿದ್ದೇವೆ. ಅಲ್ಲಿ ಬಂಗಾರದ ಲೆಕ್ಕ ತೊಲೆ ಗುಂಜಿಗಳವರೆಗೆ ನಡೆಯುತ್ತದೆ. ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆ, ತಿಜೋರಿ, ಹಾಸಿಗೆಗಳ ಪಟ್ಟಿ ಓದಲಾಗುತ್ತದೆ. ಮಕ್ಕಳು ಯಾರ ಬಳಿ ಇರಬೇಕೆಂಬುದಕ್ಕೆ ಕಣ್ಣೀರು ಹರಿಯುತ್ತದೆ. ಆದರೆ ಮನೆಯ ಮೇಲೆ ಸಾಲವೆಷ್ಟಿದೆ, ಆ ಸಾಲದ ಕಾಗದಕ್ಕೆ ಯಾರಾರು ಸಹಿ ಮಾಡಿದ್ದಾರೆ ಎಂಬ ಪ್ರಶ್ನೆಯನ್ನು ಕೇಳುವವರು ಅಪರೂಪ. ಕೇಳಿದರೆ ಮನೆತನದ ಮಾನ ಹೋದೀತೆಂಬ ಅಳುಕು. ಆ ಅಳುಕಿನ ಬೆಲೆಯನ್ನು ಅನೇಕ ವೇಳೆ ಹೆಣ್ಣುಮಕ್ಕಳು ತೆರುತ್ತಾರೆ, ಕೆಲವೊಮ್ಮೆ ಗಂಡುಮಕ್ಕಳೂ ತೆರುತ್ತಾರೆ.

ನಾವು ಕೇಳಿ ಕಂಡ ಹಲವು ಮನೆಗಳ ಕಥೆಯನ್ನು ಒಂದಾಗಿ ಹೆಣೆದು ಹೇಳುತ್ತೇವೆ. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ. ಗಂಡನದು ಮಾರುಕಟ್ಟೆಯಲ್ಲಿ ಅಡತಿ ಅಂಗಡಿ. ಮನೆ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿದೆ. ಕಟ್ಟುವಾಗ ಬ್ಯಾಂಕಿನಿಂದ ಗೃಹಸಾಲ ತೆಗೆದಿದ್ದರು, ಮುಂದೆ ಅಂಗಡಿಯ ವಹಿವಾಟಿಗೆಂದು ಅದೇ ಮನೆಯ ಆಧಾರದ ಮೇಲೆ ಮತ್ತೊಂದು ಸಾಲ. ಎರಡಕ್ಕೂ ಹೆಂಡತಿಯ ಸಹಿಯಿದೆ. ‘ಇಲ್ಲೊಂದು ಸಹಿ ಹಾಕವ್ವಾ’ ಎಂದಾಗ ಹಾಕಿದ ಸಹಿ ಅದು. ಎರಡು ವರ್ಷ ಬೆಲೆ ಕುಸಿದು, ಕೊಟ್ಟ ಮುಂಗಡಗಳು ಬಾರದೆ, ಅಂಗಡಿ ಮುಳುಗಿತು. ಮನೆಯಲ್ಲಿ ಮಾತು ಬಿರುಸಾಯಿತು. ಕೊನೆಗೆ ಇಬ್ಬರೂ ಒಪ್ಪಿ ಬೇರೆಯಾದರು. ಒಪ್ಪಂದದ ಕಾಗದದಲ್ಲಿ ‘ಮನೆ ಹೆಂಡತಿಗೆ, ಸಾಲವೆಲ್ಲ ಗಂಡನಿಗೆ’ ಎಂದು ಬರೆಯಲಾಯಿತು. ಹಿರಿಯರು ನ್ಯಾಯವಾಯಿತೆಂದು ಎದ್ದರು. ಎಂಟು ತಿಂಗಳ ತರುವಾಯ ಆ ತಾಯಿ ಒಂದು ಲಕೋಟೆಯನ್ನು ಹಿಡಿದು ಬಂದಳು. ‘ಅಜ್ಜಾರ, ಮನೀ ನನಗ ಬಂತು, ಸಾಲ ಅವರಿಗೆ ಹೋತು ಅಂತ ಕಾಗದದಾಗ ಬರದೈತಲ್ರಿ. ಮತ್ತ ಈ ನೋಟೀಸು ನನ್ನ ಹೆಸರಿಗೆ ಯಾಕ ಬಂತ್ರಿ?’

ಈ ಪ್ರಶ್ನೆಗೆ ಉತ್ತರ ಚಿಕ್ಕದು, ಆದರೆ ಕಹಿಯಾದುದು. ಗಂಡ ಹೆಂಡಿರ ನಡುವಣ ಒಪ್ಪಂದವು ಅವರಿಬ್ಬರನ್ನು ಮಾತ್ರ ಕಟ್ಟುತ್ತದೆ. ಸಾಲ ಕೊಟ್ಟ ಬ್ಯಾಂಕು ಆ ಒಪ್ಪಂದದಲ್ಲಿ ಕುಳಿತಿರಲಿಲ್ಲ, ಆ ವ್ಯಾಜ್ಯದಲ್ಲಿ ಪಕ್ಷಗಾರನೂ ಆಗಿರಲಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಇಬ್ಬರು ಕೂಡಿ ಮಾಡಿದ ಸಾಲವನ್ನು ಇಬ್ಬರಿಂದಲೂ, ಅಥವಾ ಇಬ್ಬರಲ್ಲಿ ಯಾರೊಬ್ಬರಿಂದಲೂ ಪೂರ್ತಿಯಾಗಿ ಕೇಳುವ ಅಧಿಕಾರ ಸಾಲಿಗನಿಗಿದೆ. ಅರ್ಧ ನನ್ನದು, ಅರ್ಧ ಅವರದು ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಜಾಮೀನು ನಿಂತವರ ಹೊಣೆಯೂ ಸಾಮಾನ್ಯವಾಗಿ ಮೂಲ ಸಾಲಗಾರನಷ್ಟೇ ಇರುತ್ತದೆ. ನ್ಯಾಯಾಲಯದ ತೀರ್ಪು ಮದುವೆಯನ್ನು ಬಿಡಿಸಬಲ್ಲುದು, ಬ್ಯಾಂಕಿನ ಕಪಾಟಿನಲ್ಲಿರುವ ಸಹಿಯನ್ನು ಅಳಿಸಲಾರದು. ನಮ್ಮ ಉತ್ತರದ ಸೀಮೆಯಲ್ಲಿ ರೂಢಿಯಲ್ಲಿರುವ ಸೋಡಚೀಟಿಗಂತೂ ಬ್ಯಾಂಕಿನ ಮುಂದೆ ಯಾವ ಬೆಲೆಯೂ ಇಲ್ಲ.

ಇದು ಇಂದಿನ ಆಂಗ್ಲ ಕಾಯಿದೆಯ ಕ್ರೌರ್ಯವೆಂದು ಭಾವಿಸಬೇಕಾಗಿಲ್ಲ. ಶರಣಪರಂಪರೆಯ ನಮಗೆ ಸ್ಮೃತಿಗಳು ಧರ್ಮಪ್ರಮಾಣವಲ್ಲ, ಆದರೂ ವ್ಯವಹಾರದ ಚರಿತ್ರೆಯನ್ನು ತಿಳಿಯಲು ಅವುಗಳನ್ನು ಓದಿದ್ದೇವೆ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದುದು ನಮ್ಮ ಕಲ್ಯಾಣದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅಂದರೆ ಬಸವಣ್ಣನವರು ಅದೇ ನಗರಕ್ಕೆ ಬರುವುದಕ್ಕೆ ಕೆಲವು ದಶಕಗಳ ಮುನ್ನ. ಆ ಸ್ಮೃತಿಯ ಋಣಪ್ರಕರಣದಲ್ಲಿ ಗಂಡನ ಸಾಲವನ್ನು ಹೆಂಡತಿ ತೀರಿಸಬೇಕಾಗಿಲ್ಲವೆಂದು ಹೇಳಿ, ಮೂರು ಸಂದರ್ಭಗಳನ್ನು ಹೊರತುಪಡಿಸಲಾಗಿದೆ: ತಾನು ತೀರಿಸುವೆನೆಂದು ಆಕೆ ಒಪ್ಪಿಕೊಂಡುದು, ಗಂಡನೊಡನೆ ಕೂಡಿ ಮಾಡಿದುದು, ತಾನೇ ಸ್ವತಃ ಮಾಡಿದುದು. ಎಂಟು ನೂರು ವರ್ಷಗಳಿಗೂ ಹಿಂದೆ ಕಲ್ಯಾಣದಲ್ಲಿ ಓದಲಾದ ಮಾತು ಇಂದಿಗೂ ಹೆಚ್ಚುಕಡಿಮೆ ಅದೇ. ಗಂಡನು ತನ್ನೊಬ್ಬನ ಹೆಸರಿನಲ್ಲಿ ಮಾಡಿದ ಕೈಸಾಲಕ್ಕೆ ಹೆಂಡತಿ ಹೊಣೆಯಲ್ಲ. ಸಾಲಗಾರರು ಬಾಗಿಲಿಗೆ ಬಂದು ‘ನೀನು ಅವನ ಹೆಂಡತಿಯಲ್ಲವೇ’ ಎಂದು ಗದರಿಸಿದರೆ ಹೆದರಿ ಹೊಸ ಕಾಗದಕ್ಕೆ ಸಹಿ ಹಾಕಕೂಡದು. ಹಾಕಿದ ಕ್ಷಣದಲ್ಲಿ ಇಲ್ಲದ ಹೊಣೆ ಬಂದು ಕೂಡುತ್ತದೆ.

ಆದ್ದರಿಂದ ಬೇರೆಯಾಗುವ ನಿರ್ಧಾರ ಗಟ್ಟಿಯಾದ ಮೇಲೆ ಮಾಡಬೇಕಾದ ಮೊದಲ ಕಾರ್ಯ ವಕೀಲರ ಮನೆಗೆ ಓಡುವುದಲ್ಲ, ಸಾಲಗಳ ಪೂರ್ಣ ಪಟ್ಟಿಯನ್ನು ಮಾಡುವುದು. ಬ್ಯಾಂಕಿನಿಂದ ಪ್ರತಿಯೊಂದು ಖಾತೆಯ ಬಾಕಿಯ ಲಿಖಿತ ವಿವರವನ್ನು ಪಡೆಯಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಬೇಕು. ಆದರೆ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಮಾಡುವ ಅಡಮಾನವು ಎಲ್ಲ ಸಂದರ್ಭಗಳಲ್ಲಿಯೂ ಆ ಪತ್ರದಲ್ಲಿ ಕಾಣಿಸದಿರಬಹುದು. ಹೀಗಾಗಿ ಮೂಲಪತ್ರಗಳು ಎಲ್ಲಿವೆ ಎಂಬುದನ್ನು ಕಣ್ಣಾರೆ ಕಾಣುವವರೆಗೆ ನಂಬಕೂಡದು. ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಅವರವರ ಸಾಲದ ಪೂರ್ಣ ವರದಿಯನ್ನು ಶುಲ್ಕವಿಲ್ಲದೆ ಕೊಡಬೇಕೆಂಬ ನಿಯಮವಿದೆ. ತಾವು ಯಾರಿಗೆ ಜಾಮೀನು ನಿಂತಿದ್ದೇವೆಂಬುದನ್ನು ಆ ವರದಿಯಿಂದಲೇ ಮೊದಲ ಬಾರಿಗೆ ಅರಿತ ತಾಯಂದಿರಿದ್ದಾರೆ. ಜೀವನಾಂಶದ ವ್ಯಾಜ್ಯವಾದರೆ, 2020ರಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದು ವಿಧಿಸಿದೆ. ಅಲ್ಲಿ ಮುಚ್ಚಿಡುವುದಕ್ಕೆ ಅವಕಾಶ ಕಡಿಮೆ.

ಮನೆಯ ವಿಷಯಕ್ಕೆ ಬರೋಣ. ಮದುವೆ ಮುರಿದರೆ ಮನೆಯಲ್ಲಿ ಅರ್ಧ ಪಾಲು ತಾನಾಗಿಯೇ ಹೆಂಡತಿಗೆ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಹಬ್ಬಿದೆ. ನಮ್ಮ ದೇಶದಲ್ಲಿ ಹಾಗಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು (ಅದರ ಎರಡನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಬಂದಿರುವುದರಿಂದ ನಮಗೆ ಅದೇ ಅನ್ವಯ) ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಕೂಡಿ ಬಂದ ವಸ್ತುಗಳ ಬಗ್ಗೆ ಆಜ್ಞೆ ಮಾಡಲು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆಯೇ ಹೊರತು, ಗಂಡನ ಮನೆಯನ್ನು ಎರಡಾಗಿ ಸೀಳುವುದಿಲ್ಲ. ಪತ್ರದಲ್ಲಿ ಯಾರ ಹೆಸರಿದೆ, ಹಣ ಯಾರದು ಎಂಬುದೇ ಮುಖ್ಯ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ; ಆ ಮನೆಯನ್ನು ಮಾರದಂತೆ, ಹೊಸದಾಗಿ ಒತ್ತೆಯಿಡದಂತೆ ಗಂಡನನ್ನು ತಡೆಯಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಗಂಡ ಗುಟ್ಟಾಗಿ ಮನೆಯ ಮೇಲೆ ಮತ್ತಷ್ಟು ಸಾಲ ಎತ್ತುವನೆಂಬ ಅನುಮಾನವಿದ್ದವರು ಈ ದಾರಿಯನ್ನು ಬೇಗನೆ ಹಿಡಿಯಬೇಕು. ಆದರೆ ತಾನೇ ಸಹಿ ಮಾಡಿದ ಹಳೆಯ ಅಡಮಾನವನ್ನು ಇಲ್ಲವಾಗಿಸುವ ಹಕ್ಕು ಅದಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡಿರಿ. ಮನೆಯ ಪೇಟೆಯ ಬೆಲೆ 55 ಲಕ್ಷ ರೂಪಾಯಿ. ಗೃಹಸಾಲದ ಬಾಕಿ 18 ಲಕ್ಷ, ಅಂಗಡಿಯ ಸಾಲ 24 ಲಕ್ಷ, ಒಟ್ಟು 42 ಲಕ್ಷ. ಇಬ್ಬರೂ ಕೂಡಿ, ಬ್ಯಾಂಕಿಗೆ ತಿಳಿಸಿ, ತಾವೇ ಕೊಳ್ಳುವವರನ್ನು ಹುಡುಕಿ ಮಾರಿದರೆ 13 ಲಕ್ಷ ಉಳಿಯುತ್ತದೆ. ಅದರಲ್ಲಿ ಹೆಣ್ಣುಮಗಳು ಮಕ್ಕಳೊಡನೆ ಬಾಡಿಗೆಮನೆ ಹಿಡಿದು ಬದುಕು ಆರಂಭಿಸಬಹುದು. ‘ನಾನೇಕೆ ಸಹಿ ಹಾಕಲಿ’ ಎಂದು ಇಬ್ಬರೂ ಹಟ ಹಿಡಿದು ಕುಳಿತರೆ, ಬಡ್ಡಿ ಸೇರಿ ಸಾಲ 47 ಲಕ್ಷವಾಗಿ, ಹರಾಜಿನಲ್ಲಿ ಮನೆ 44 ಲಕ್ಷಕ್ಕೆ ಹೋದರೆ, ಮನೆಯೂ ಹೋಗಿ ತಲೆಯ ಮೇಲೆ 3 ಲಕ್ಷ ಉಳಿಯುತ್ತದೆ. ಪರಸ್ಪರರ ಮೇಲಿನ ಸಿಟ್ಟಿಗೆ ತೆತ್ತ ಬೆಲೆ 16 ಲಕ್ಷ! ಇಂತಹ ಸಿಟ್ಟನ್ನು ನಾವು ಬಹಳ ಕಂಡಿದ್ದೇವೆ. ಅದರಿಂದ ಯಾರಿಗೂ ತೃಪ್ತಿಯಾದುದನ್ನು ಕಂಡಿಲ್ಲ.

ಮನೆಯನ್ನು ಒಬ್ಬರು ಉಳಿಸಿಕೊಳ್ಳಲೇಬೇಕೆಂದಿದ್ದರೆ, ಉಳಿಸಿಕೊಳ್ಳುವವರ ಸ್ವಂತ ವರಮಾನದ ಮೇಲೆ ಸಾಲವನ್ನು ಹೊಸದಾಗಿ ಮಾಡಿಸಿ, ಮತ್ತೊಬ್ಬರನ್ನು ಹೊಣೆಯಿಂದ ಬಿಡುಗಡೆ ಮಾಡಿದ್ದೇವೆಂದು ಬ್ಯಾಂಕು ಬರೆದುಕೊಡಬೇಕು. ಬ್ಯಾಂಕಿನ ವ್ಯವಸ್ಥಾಪಕರು ಬಾಯಿಮಾತಿನಲ್ಲಿ ‘ಆಗಲಿ ಬಿಡಿ, ನೋಡೋಣ’ ಎಂದುದು ಸಾಲದು. ಆಮೇಲೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು. ಈ ಕ್ರಮ ತಲೆಕೆಳಗಾದರೆ ಅನಾಹುತ: ಹೆಸರನ್ನು ಪತ್ರದಿಂದ ತೆಗೆಸಿಕೊಂಡು ಸಾಲದಲ್ಲಿ ಮಾತ್ರ ಉಳಿದವರು ಮನೆಯಿಲ್ಲದೆ ಮನೆಯ ಸಾಲವನ್ನು ಹೊತ್ತಂತಾಗುತ್ತದೆ. ವರಮಾನವೇ ಇಲ್ಲದ ತಾಯಿಗೆ ಸಾಲವಿರುವ ಮನೆಯನ್ನು ಬರೆದುಕೊಟ್ಟು ‘ಉದಾರವಾಗಿ ನಡೆದುಕೊಂಡೆವು’ ಎನ್ನುವ ಬೀಗರನ್ನು ಕಂಡಾಗ ನಮಗೆ ಉದಾರತೆಯ ಅರ್ಥವೇ ಮರೆತಂತಾಗುತ್ತದೆ. ಕಂತು ಯಾರು ಕಟ್ಟುವರು?

‘ಗಂಡ ಕಟ್ಟುತ್ತಾನೆ, ಕಟ್ಟದೆ ಬ್ಯಾಂಕು ಆಕೆಯಿಂದ ವಸೂಲು ಮಾಡಿದರೆ ಆ ನಷ್ಟವನ್ನು ತುಂಬಿಕೊಡುತ್ತಾನೆ’ ಎಂದು ಒಪ್ಪಂದದಲ್ಲಿ ಬರೆಸುವುದುಂಟು. ಬರೆಸಬೇಕು, ತಪ್ಪೇನಿಲ್ಲ. ಆದರೆ ದಿವಾಳಿಯ ಅಂಚಿನಲ್ಲಿರುವವನ ಭರವಸೆಗೆ ಎಷ್ಟು ತೂಕ? ಇಲ್ಲಿ ದಿವಾಳಿಯ ಕಾಯಿದೆಯನ್ನು ಸ್ವಲ್ಪ ತಿಳಿಯಬೇಕು. ಊರ ಮಾತಿನಲ್ಲಿ ಪಾಪರ್ ಆಗುವುದು, ಐ.ಪಿ. ಹಾಕುವುದು ಎನ್ನುವುದು ಇದನ್ನೇ. 2016ರ ದಿವಾಳಿ ಸಂಹಿತೆಯ ಹೆಸರನ್ನು ಅನೇಕರು ಕೇಳಿದ್ದಾರೆ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಯಿತು. ಸಾಮಾನ್ಯ ವರ್ತಕನಿಗೆ, ನೌಕರನಿಗೆ ನಮ್ಮ ಜಿಲ್ಲೆಗಳಲ್ಲಿ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ. ನ್ಯಾಯಾಲಯವು ಒಬ್ಬನನ್ನು ದಿವಾಳಿಯೆಂದು ಸಾರಿದರೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶವಾಗಿ ಸಾಲಗಾರರಿಗೆ ಹಂಚಿಹೋಗುತ್ತದೆ, ಕಾಲಾನಂತರ ಅವನಿಗೆ ಋಣಮುಕ್ತಿ ದೊರೆಯಬಹುದು. ಆದರೆ ಅಡಮಾನ ಹಿಡಿದ ಬ್ಯಾಂಕಿನ ಹಕ್ಕು ಅದರಿಂದ ಕುಂದುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಆ ಕಾಯಿದೆಯ 44ನೆಯ ಕಲಮಿನಲ್ಲಿದೆ: ದಿವಾಳಿಯಾದವನಿಗೆ ಸಿಕ್ಕ ಋಣಮುಕ್ತಿಯು ಅವನೊಡನೆ ಜಂಟಿಯಾಗಿ ಸಾಲಕ್ಕೆ ಬದ್ಧರಾದವರನ್ನೂ ಜಾಮೀನುದಾರರನ್ನೂ ಬಿಡಿಸುವುದಿಲ್ಲ. ಅಂದರೆ ಗಂಡ ಐ.ಪಿ. ಹಾಕಿ ಕೈ ತೊಳೆದುಕೊಂಡ ದಿನವೇ ಸಾಲವೆಲ್ಲ ಹೆಂಡತಿಯೊಬ್ಬಳ ಬಾಗಿಲಿಗೆ ಬಂದು ನಿಲ್ಲಬಹುದು. ಆತ ಬರೆದುಕೊಟ್ಟ ಭರವಸೆಯ ಕಾಗದ ಹಿಡಿದು ಆಕೆಯೂ ಉಳಿದ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಇದರ ನಡುವೆಯೂ ಕಾಯಿದೆ ಹೆಣ್ಣನ್ನು ಪೂರ್ತಿ ಕೈಬಿಟ್ಟಿಲ್ಲ. ಅದೇ 44ನೆಯ ಕಲಮಿನ ಪ್ರಕಾರ ದಂಡ ಪ್ರಕ್ರಿಯಾ ಸಂಹಿತೆಯಡಿ ವಿಧಿಸಿದ ಜೀವನಾಂಶದ ಹೊಣೆ ಋಣಮುಕ್ತಿಯಿಂದಲೂ ತೊಲಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಜೀವನಾಂಶದ ಹಕ್ಕು ಬದುಕುವ ಹಕ್ಕಿಗೆ ಸಮಾನವಾದುದೆಂದೂ, ಅದರ ಬಾಕಿಗೆ ಗಂಡನ ಆಸ್ತಿಯಲ್ಲಿ ಅಡಮಾನದ ಸಾಲಿಗರಿಗಿಂತ ಮೊದಲ ಸ್ಥಾನವೆಂದೂ ಹೇಳಿತು. ಆದಕಾರಣ ‘ಹೇಗೂ ದಿವಾಳಿಯಾಗಿದ್ದಾನೆ, ಜೀವನಾಂಶ ಕೇಳಿ ಏನು ಫಲ’ ಎಂದು ಬಿಟ್ಟುಕೊಡುವುದು ಸರಿಯಲ್ಲ. ಕೇಳಿ, ಆಜ್ಞೆಯನ್ನು ಪಡೆದಿಟ್ಟುಕೊಳ್ಳಬೇಕು.

ಸ್ತ್ರೀಧನದ ಬಗ್ಗೆ ಒಂದು ಮಾತು. ಅಂಗಡಿ ಮುಳುಗುವಾಗ ಮೊದಲು ಹೋಗುವುದು ಹೆಂಡತಿಯ ಕೊರಳಿನ ಬಂಗಾರ. ಗಿರವಿ ಇಟ್ಟು ತಂದ ಹಣ ಹಳೆಯ ಬಡ್ಡಿಗೆ ಕರಗುತ್ತದೆ. ಕ್ಷಾಮ, ರೋಗ, ಧರ್ಮಕಾರ್ಯ, ಸೆರೆ ಈ ಸಂಕಟಗಳಲ್ಲಿ ಬಳಸಿದ ಸ್ತ್ರೀಧನವನ್ನು ಗಂಡ ಹಿಂದಿರುಗಿಸಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನು ಗಂಡಸಿಗೆ ರಿಯಾಯಿತಿ ತೋರಿದ್ದನು. ಗಮನಿಸಿರಿ, ವ್ಯಾಪಾರದ ನಷ್ಟ ಆ ಪಟ್ಟಿಯಲ್ಲಿಯೂ ಇಲ್ಲ! ಇಂದಿನ ನ್ಯಾಯಾಲಯ ಆ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಸ್ತ್ರೀಧನವು ಹೆಂಡತಿಯೊಬ್ಬಳ ಸ್ವತ್ತು, ಸಂಕಟದಲ್ಲಿ ಬಳಸಿದರೂ ಹಿಂದಿರುಗಿಸುವ ಹೊಣೆ ಗಂಡನದೇ ಎಂದು 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಬಂಗಾರ ಕೊಟ್ಟ ಅಂಗಡಿಯ ರಸೀದಿ, ಮದುವೆಯ ಚಿತ್ರಗಳು, ಗಿರವಿ ಚೀಟಿಗಳು ಇವನ್ನು ತವರಿನವರು ಜೋಪಾನ ಮಾಡಿರಬೇಕು. ಹರಾಜು ಜಪ್ತಿಗಳ ಕಾಲದಲ್ಲಿಯೂ ಅಡುಗೆಯ ಪಾತ್ರೆ, ಉಡುಗೆ, ಹಾಸಿಗೆಗಳನ್ನೂ ಧಾರ್ಮಿಕ ರೂಢಿಯಂತೆ ಹೆಣ್ಣು ಮೈಯಿಂದ ತೆಗೆಯಬಾರದ ಆಭರಣಗಳನ್ನೂ ಮುಟ್ಟುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ತಾಳಿಗೆ ಕೈ ಹಾಕಲು ಬಂದವರಿಗೆ ಇದನ್ನು ಧೈರ್ಯವಾಗಿ ಹೇಳಬಹುದು.

ಇನ್ನು ಕೆಲವರ ಜಾಣತನದ ಬಗ್ಗೆ ನಾವು ಕಠಿಣವಾಗಿಯೇ ಬರೆಯಬೇಕಾಗಿದೆ. ಸಾಲಗಾರರಿಂದ ಮನೆಯನ್ನು ಉಳಿಸಲು ಕಾಗದದ ಮೇಲೆ ಮಾತ್ರ ವಿಚ್ಛೇದನ ಮಾಡಿಕೊಂಡು, ಮನೆಯನ್ನು ಹೆಂಡತಿಗೆ ದಾನಪತ್ರ ಮಾಡಿ, ಒಂದೇ ಒಲೆಯಲ್ಲಿ ಉಂಡು ಇರುವವರಿದ್ದಾರೆ. ಸಾಲಗಾರರನ್ನು ವಂಚಿಸಲೆಂದು ಮಾಡಿದ ವರ್ಗಾವಣೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆಯಡಿ ರದ್ದು ಮಾಡಿಸಬಹುದು. ದಿವಾಳಿಯ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಬೆಲೆಯಿಲ್ಲದೆ ಕೊಟ್ಟುದನ್ನು ರಿಸೀವರನು ಹಿಂಪಡೆಯಬಹುದು. ಮನೆಯಂತೂ ಉಳಿಯುವುದಿಲ್ಲ, ನಿಜವಾಗಿ ಬೇರೆಯಾಗುವ ಹೆಣ್ಣುಮಕ್ಕಳ ಪ್ರಾಮಾಣಿಕ ಒಪ್ಪಂದಗಳ ಮೇಲೂ ಸಂಶಯದ ನೆರಳು ಬೀಳುತ್ತದೆ. ಕೈಸಾಲ ಕೊಟ್ಟವರಲ್ಲಿ ವಿಧವೆಯರು, ಹಮಾಲರು, ತಮ್ಮ ಬೆಳೆಯ ಹಣವನ್ನು ಅಡತಿಯಲ್ಲಿಯೇ ಬಿಟ್ಟ ರೈತರು ಇರುತ್ತಾರೆಂಬುದನ್ನು ಮರೆತು ಕಾಯಕದ ಮಾತನಾಡುವುದು ನಮಗೆ ಸಹ್ಯವಲ್ಲ.

ಕಾಲದ ವಿಷಯದಲ್ಲಿ ಎಚ್ಚರವಿರಲಿ. ಕಂತು 90 ದಿನಗಳಿಗೂ ಮೀರಿ ನಿಂತರೆ ಬ್ಯಾಂಕು ಆ ಸಾಲವನ್ನು ಸುಸ್ತಿಯೆಂದು ವರ್ಗೀಕರಿಸುತ್ತದೆ. 2002ರ ಸರ್ಫೇಸಿ ಕಾಯಿದೆಯಡಿ ನೋಟೀಸು ಕೊಟ್ಟು 60 ದಿನ ಕಾಯುತ್ತದೆ. ತರುವಾಯ ನ್ಯಾಯಾಲಯದ ತೀರ್ಪಿಲ್ಲದೆಯೇ ಮನೆಯನ್ನು ವಶಪಡಿಸಿಕೊಳ್ಳಬಹುದು. ಆ 60 ದಿನಗಳಲ್ಲಿ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಲೇಬೇಕು. ವಶಪಡಿಸಿಕೊಳ್ಳುವ ಕ್ರಮ ಕೈಗೊಂಡ ಮೇಲೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಹರಾಜಿನ ಪ್ರಕಟಣೆ ಹೊರಡುವವರೆಗೆ ಪೂರ್ತಿ ಬಾಕಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕಿದೆ, ಪ್ರಕಟಣೆಯ ಬಳಿಕ ಅದು ಉಳಿಯುವುದಿಲ್ಲ. ಸಹಕಾರಿ ಬ್ಯಾಂಕುಗಳಿಗೂ ಈ ಕಾಯಿದೆ ಅನ್ವಯಿಸುತ್ತದೆಂದು 2020ರಲ್ಲಿ ತೀರ್ಮಾನವಾಗಿದೆ. ಲಕೋಟೆಯನ್ನು ಒಡೆಯದೆ ದೇವರ ಜಗಲಿಯ ಮೇಲೆ ಇಟ್ಟರೆ ದಿನಗಳ ಎಣಿಕೆ ನಿಲ್ಲುವುದಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ವಾಸವಿದ್ದಿರಬೇಕು. ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಿಸಬಹುದೆಂದು 2017ರಲ್ಲಿ ತೀರ್ಪಾಗಿದೆ, ಎಲ್ಲರೂ ಮನ್ನಾ ಕೇಳಲು ಧಾವಿಸುತ್ತಾರೆ. ಮನೆಯ ಮೇಲೆ ಸಾಲವಿದ್ದವರು ಧಾವಿಸಬೇಡಿರಿ. ಮನೆಯನ್ನು ಮಾರಲು, ಬ್ಯಾಂಕಿನೊಡನೆ ಒಂದಾವರ್ತಿ ತೀರುವಳಿಯ ಮಾತನಾಡಲು, ಹೊಣೆಯನ್ನು ಬಿಡಿಸಿಕೊಳ್ಳಲು ಆ ಆರು ತಿಂಗಳು ಬೇಕು. ಇಬ್ಬರ ಸಹಿ ಒಂದೇ ಕಾಗದದ ಮೇಲೆ ಸುಲಭವಾಗಿ ಸಿಗುವ ಕೊನೆಯ ಕಾಲವದು. ಬಳಿಕ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಪುಣೆಯಲ್ಲಿ. ವಕೀಲರಿಗೆ ಕೊಡಲು ಹಣವಿಲ್ಲದ ತಾಯಂದಿರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ ಉಚಿತ ನೆರವು ದೊರೆಯುತ್ತದೆ. ಲೋಕ ಅದಾಲತ್ತಿನಲ್ಲಿ ಬ್ಯಾಂಕನ್ನೂ ಕರೆಸಿ ಮಾಡಿಕೊಂಡ ರಾಜಿಗೆ ಡಿಕ್ರಿಯ ಬಲವಿದೆ.

ಮಠಗಳಲ್ಲಿ, ಸಮಾಜದ ಸಂಘಗಳಲ್ಲಿ ನ್ಯಾಯ ಹೇಳಲು ಕೂಡುವ ಹಿರಿಯರಲ್ಲಿ ನಮ್ಮ ವಿನಂತಿಯೊಂದಿದೆ. ಬಂಗಾರದ ಪಟ್ಟಿ ಕೇಳುವ ಮುನ್ನ ಸಾಲದ ಪಟ್ಟಿ ಕೇಳಿರಿ. ಹೆಣ್ಣಿನ ಕಡೆಯವರನ್ನೂ ಕೇಳಿರಿ. ಅಳಿಯನ ಹೆಸರಿನಲ್ಲಿ ಮಾವ ತೆಗೆಸಿದ ಸಾಲಗಳೂ ಇವೆ, ಅವುಗಳ ಕಂತು ಕಟ್ಟಿ ಬೇಸತ್ತ ಗಂಡುಮಕ್ಕಳನ್ನೂ ನಾವು ಬಲ್ಲೆವು. ಇಬ್ಬರ ಸಹಿಯಿರುವ ಪ್ರತಿ ಸಾಲಕ್ಕೂ ಬ್ಯಾಂಕಿನ ಲಿಖಿತ ಒಪ್ಪಿಗೆ ಬರುವವರೆಗೆ ‘ನ್ಯಾಯವಾಯಿತು’ ಎಂದು ಎದ್ದು ಹೋಗಬೇಡಿರಿ.

ಕೊನೆಗೆ ಒಂದು ಸಣ್ಣ ವಿಷಯ, ಆದರೆ ಬಿಟ್ಟುಹೋಗುವಂತಹುದು. ಸಾಲ ಪೂರ್ತಿ ತೀರಿದ ಮೇಲೆ ಮೂಲ ಹಕ್ಕುಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಜರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. 2023ರ ಡಿಸೆಂಬರ್ 1ರಿಂದ ಬಿಡುಗಡೆಯಾಗಬೇಕಾದ ಪತ್ರಗಳಿಗೆ ಇದು ಅನ್ವಯ. ಆ ಪತ್ರಗಳನ್ನು ಬ್ಯಾಂಕು ಯಾರ ಕೈಗೆ ಕೊಡಬೇಕೆಂಬುದನ್ನು ಒಪ್ಪಂದದಲ್ಲಿಯೇ ಹೆಸರಿಸಿ ಬರೆದು, ಅದರ ಒಂದು ಪ್ರತಿಯನ್ನು ಬ್ಯಾಂಕಿಗೆ ಸಲ್ಲಿಸಿ ಮುದ್ರೆ ಹಾಕಿಸಿಕೊಳ್ಳಿರಿ.